ಎರರ್ ಬಂದ ತಕ್ಷಣ ಸೀರಿಯಲೈಸಬಲ್ ಅಂಟಿಸಬೇಡ, ಪುಟ್ಟಿ

ಪ್ರೀತಿಯ ಪುಟ್ಟಿ,

ಪುಣೆಯ ಹಿಂಜೆವಾಡಿ ಆಫೀಸಿನಲ್ಲಿ ರಾತ್ರಿವರೆಗೂ ಕೂತು ನಾಟ್‌ಸೀರಿಯಲೈಸಬಲ್ ಎಕ್ಸೆಪ್ಷನ್ ಜೊತೆ, ಅಂದರೆ ಈ ಆಬ್ಜೆಕ್ಟನ್ನು ಬೈಟ್‌ಗಳಾಗಿ ಬರೆಯೋಕೆ (ಸೀರಿಯಲೈಸ್ ಮಾಡೋಕೆ) ಆಗಲ್ಲ ಅನ್ನೋ ಜಾವಾ ಎರರ್ ಜೊತೆ, ಗುದ್ದಾಡುತ್ತಿದ್ದೀಯ ಅಂತ ನಿನ್ನಮ್ಮ ಹೇಳಿದಳು. ಮುಂಬೈನ ಮಾಟುಂಗಾದಿಂದ ಬಂದು ಪಕ್ಕದಲ್ಲಿ ಕೂರೋಕೆ ಆಗಲ್ಲ, ಅದಕ್ಕೇ ಬರೆಯುತ್ತಿದ್ದೇನೆ.

ಎಕ್ಸೆಪ್ಷನ್ ಹೇಳಿದ ಕ್ಲಾಸ್ ತೆಗೆದು ‘ಇಂಪ್ಲಿಮೆಂಟ್ಸ್ ಸೀರಿಯಲೈಸಬಲ್’, ಅಂದರೆ ಇದನ್ನು ಬೈಟ್ ಮಾಡಬಹುದು ಅನ್ನೋ ಗುರುತು, ಅಂಟಿಸಿಬಿಡಬೇಡ. ಎಲ್ಲರೂ ಅದನ್ನೇ ಮಾಡುತ್ತಾರೆ, ಆಮೇಲೆ ಅದರೊಳಗಿನ ಇನ್ನೊಂದು ಕ್ಲಾಸ್ ತಕರಾರು ತೆಗೆಯುತ್ತದೆ, ಅದಕ್ಕೂ ಅಂಟಿಸುತ್ತಾರೆ, ಕೊನೆಗೆ ಡೇಟಾಬೇಸ್ ಕನೆಕ್ಷನ್ ಎದುರು ಹೋಗಿ ನಿಲ್ಲುತ್ತಾರೆ. ಕನೆಕ್ಷನ್ನನ್ನು ಬೈಟ್ ಮಾಡಿ ಇನ್ನೊಂದು ಸರ್ವರಿಗೆ ಕಳಿಸೋಕಾಗುತ್ತಾ? ಥ್ರೆಡ್, ಸಾಕೆಟ್, ತೆರೆದ ಫೈಲ್ ಕೂಡ ಹಾಗೇ ಅಲ್ವಾ. ಇದು ಹೋಗಲೇಬೇಕಾ ಅಂತ ಮೊದಲು ಕೇಳಿಕೋ. ಬೇಡದ ಫೀಲ್ಡಿಗೆ ಟ್ರಾನ್ಸಿಯೆಂಟ್ ಹಾಕು, ಇದನ್ನು ಬರೆಯಬೇಡ ಅಂತ ಜಾವಾಗೆ ಹೇಳೋ ಪದ ಅದು. ವಾಪಸ್ ಓದಿದಾಗ ಆ ಫೀಲ್ಡ್ ನಲ್ ಆಗಿರುತ್ತದೆ, ಸಂಖ್ಯೆಯಾದರೆ 0. ಆ ಕ್ಲಾಸಿನ ಕನ್‌ಸ್ಟ್ರಕ್ಟರ್ ಕೂಡ ಓಡಲ್ಲ, ಹಾಗಾಗಿ ಬೇಕಾದ್ದನ್ನು, ವಾಪಸ್ ಓದುವಾಗ ಜಾವಾ ಕರೆಯೋ ರೀಡ್‌ಆಬ್ಜೆಕ್ಟ್ ಒಳಗೆ ನೀನೇ ಹೊಸದಾಗಿ ಕಟ್ಟಬೇಕು.

ಕಷ್ಟ ಇರೋದು ದಾರಿ ಹುಡುಕೋದರಲ್ಲಿ. ಎಕ್ಸೆಪ್ಷನ್ ಬರೀ ಕ್ಲಾಸಿನ ಹೆಸರು ಹೇಳುತ್ತದೆ, ಯಾವ ಫೀಲ್ಡಿನಿಂದ ಬಂತು ಅನ್ನೋದಿಲ್ಲ. ಜಾವಾ ಶುರು ಮಾಡುವಾಗ ‘ಸನ್.ಐಒ.ಸೀರಿಯಲೈಸೇಶನ್.ಎಕ್ಸ್‌ಟೆಂಡೆಡ್‌ಡೀಬಗ್‌ಇನ್ಫೋ’ ಅನ್ನೋ ಪ್ರಾಪರ್ಟಿಯನ್ನು ಟ್ರೂ ಮಾಡು. ಆಗ ಸೆಷನ್ನಿನಲ್ಲಿ (ಬಳಕೆದಾರನಿಗಾಗಿ ಸರ್ವರ್ ಇಟ್ಟುಕೊಳ್ಳೋ ಮಾಹಿತಿ) ಕಾರ್ಟ್, ಕಾರ್ಟಿನಲ್ಲಿ ಲಿಸ್ಟ್, ಲಿಸ್ಟಿನಲ್ಲಿ ಐಟಂ ಅಂತ ದಾರಿ ಪೂರ್ತಿ ಬಿಚ್ಚಿ ತೋರಿಸುತ್ತದೆ. ಅದರಲ್ಲಿ ‘ದಿಸ್ ಡಾಲರ್ 0’ ಅನ್ನೋ ಫೀಲ್ಡ್ ಕಂಡರೆ ಗಾಬರಿಯಾಗಬೇಡ, ಅದನ್ನು ಬರೆದದ್ದು ಕಂಪೈಲರ್. ಸರ್ವಿಸ್ ಕ್ಲಾಸಿನೊಳಗೆ ಸುಮ್ನೆ ಒಂದು ಪುಟ್ಟ ಐಟಂ ಕ್ಲಾಸ್ ಬರೆದು, ಅದಕ್ಕೆ ಸೀರಿಯಲೈಸಬಲ್ ಹಾಕಿ, ಸೆಷನ್ನಿಗೆ ಸೇರಿಸಿದ್ದೀಯ ಅಂದುಕೋ. ಒಳಗಿನ ಕ್ಲಾಸ್ ಹೊರಗಿನ ಆಬ್ಜೆಕ್ಟನ್ನು ಗುಟ್ಟಾಗಿ ಹಿಡಿದುಕೊಂಡಿರುತ್ತದೆ, ಇಡೀ ಸರ್ವಿಸ್ ಬಾಲದ ಹಾಗೆ ಹಿಂದೆ ಬರುತ್ತದೆ. ಆ ಒಳಗಿನ ಕ್ಲಾಸನ್ನು ಸ್ಟ್ಯಾಟಿಕ್ ಮಾಡು, ಮುಗೀತು.

ಇನ್‌ವ್ಯಾಲಿಡ್ ಕ್ಲಾಸ್ ಎಕ್ಸೆಪ್ಷನ್ ಬೇರೆ ಜಾತಿ, ಬರೆದಿಟ್ಟ ಬೈಟ್‌ಗೂ ಈಗಿನ ಕ್ಲಾಸಿಗೂ ಹೊಂದದಾಗ ಬರುತ್ತದೆ. ಅದು ಜಾಸ್ತಿ ಕಾಣೋದು ಹೊಸ ಬಿಲ್ಡ್ ಹಾಕಿದ ಮೇಲೆ. ಸೀರಿಯಲ್‌ವರ್ಷನ್‌ಯುಐಡಿ ಅನ್ನೋ ಕ್ಲಾಸಿನ ಆವೃತ್ತಿ ನಂಬರನ್ನು ನೀನು ಕೊಡದಿದ್ದರೆ ಜಾವಾ ಕ್ಲಾಸಿನ ಹೆಸರು, ಫೀಲ್ಡು, ಮೆಥಡ್ಡು ಎಲ್ಲ ನೋಡಿ ತಾನೇ ಲೆಕ್ಕ ಹಾಕುತ್ತದೆ, ಒಂದು ಪಬ್ಲಿಕ್ ಮೆಥಡ್ ಸೇರಿಸಿದರೂ ನಂಬರ್ ಬದಲಾಗುತ್ತದೆ. ಮೆಸೇಜಿನಲ್ಲಿ ಎರಡೂ ನಂಬರ್ ಇರುತ್ತವೆ. ಹಳೇ ಡೇಟಾ ಬೇಕೇಬೇಕು ಅಂದರೆ ಸ್ಟ್ರೀಮಿನ, ಅಂದರೆ ಹಳೇ ಬೈಟ್‌ಗಳ ಜೊತೆ ಬಂದ, ನಂಬರನ್ನೇ ಹೊಸ ಕ್ಲಾಸಿಗೆ ಬರೆ. ಬರೀ ಹೊಸ ಫೀಲ್ಡ್ ಸೇರಿಸಿದ್ದರೆ ಇಷ್ಟು ಸಾಕು, ಇಂಟ್ ಇದ್ದದ್ದನ್ನು ಲಾಂಗ್ ಮಾಡಿದ್ದರೆ ನಡೆಯಲ್ಲ.

ಇನ್ನೊಂದು, ಹೊರಗಿನವರು ಕಳಿಸಿದ ಬೈಟ್‌ಗಳನ್ನು ಹಾಗೇ ಡಿಸೀರಿಯಲೈಸ್, ಅಂದರೆ ವಾಪಸ್ ಆಬ್ಜೆಕ್ಟ್, ಮಾಡಲೇಬೇಡ. ನಿಮ್ಮ ಸರ್ವರಿನಲ್ಲಿ ಅವರ ಆಟ ನಡೆಯಬಹುದು. 2017ರಲ್ಲಿ ಬಂದ ಜಾವಾ 9ರಲ್ಲಿ ಇದಕ್ಕೆಂದೇ ಫಿಲ್ಟರ್ ಇದೆ, ಬಳಸು. ಹೊಸ ಕೆಲಸಕ್ಕೆ ಈ ಬೈಟ್‌ಗಳ ಬದಲು ಜೇಸನ್ ಅನ್ನೋ ಪಠ್ಯ ರೂಪ ಇರಲಿ ಅಂತ ನಿನ್ನ ಲೀಡ್ ಹತ್ತಿರ ಹಠ ಹಿಡಿದರೂ ತಪ್ಪಿಲ್ಲ.

ಸೆಷನ್ನಿಗೆ ಹೋಗೋ ಪ್ರತಿ ಕ್ಲಾಸಿಗೂ ಬೈಟ್ ಅರೇಗೆ ಬರೆದು ವಾಪಸ್ ಓದೋ ಒಂದು ಚಿಕ್ಕ ಟೆಸ್ಟ್ ಇಡು. ನಾಳೆ ಆ ಪ್ರಾಪರ್ಟಿ ಹಾಕಿ ಓಡಿಸಿ, ಲಾಗನ್ನು ಕೊನೆಯ ‘ಕಾಸ್ಡ್ ಬೈ’ ತನಕ ಪೂರ್ತಿ ನನಗೆ ಕಳಿಸು. ಸ್ಕ್ರೀನ್‌ಶಾಟ್ ಬೇಡ, ಟೆಕ್ಸ್ಟ್ ಫೈಲೇ ಇರಲಿ.

ನಿನ್ನ ಮಾವ