ಜುಲೈ 4ರ ರಾಫ್ಟಿಂಗ್: ಬಿಯರ್ ಮನೆಯಲ್ಲೇ ಇರಲಿ

ಎಲ್ಲರಿಗೂ ನಮಸ್ಕಾರ. ಸ್ಯಾಕ್ರಮೆಂಟೋದಲ್ಲಿ ಅಮೆರಿಕನ್ ನದಿಗೆ ಹೋಗುವ ವಿಷಯ. ನಿನ್ನೆಯಿಂದ "ಕೂಲರ್ (ಬಿಯರ್ ತಣ್ಣಗಿಡುವ ಐಸ್ ಪೆಟ್ಟಿಗೆ) ಯಾರು ತರ್ತೀರಿ" ಅಂತ ಮೆಸೇಜ್ ಬರುತ್ತಲೇ ಇವೆ. ಅದಕ್ಕೇ ಬರೆಯುತ್ತಿದ್ದೇನೆ.

ಮೆಮೋರಿಯಲ್ ಡೇ, ಜುಲೈ 4, ಲೇಬರ್ ಡೇ ರಜೆಗಳಲ್ಲಿ ಹೇಜಲ್ ಅವೆನ್ಯೂದಿಂದ ವಾಟ್ ಅವೆನ್ಯೂವರೆಗೆ ನದಿಯಲ್ಲಿ ಮದ್ಯ ನಿಷಿದ್ಧ. ನಾವು ಸನ್‌ರೈಸ್ ಅವೆನ್ಯೂ ಹತ್ತಿರ ನದಿಗೆ ಇಳಿಯುವುದು, ಅಂದರೆ ಸರಿಯಾಗಿ ಅದರ ನಡುವೆ. ಕುಡಿಯುವುದಷ್ಟೇ ಅಲ್ಲ, ಇಟ್ಟುಕೊಳ್ಳುವಂತೆಯೂ ಇಲ್ಲ. ಸೀಲ್ ಒಡೆಯದ ಕ್ಯಾನ್ ಕೂಡ ತಪ್ಪೇ. ದಡದ ಪಾರ್ಕಿನಲ್ಲಿ ಕೂತು ಕುಡಿದರೆ ನಡೆಯುತ್ತೆ ಅಂದುಕೊಳ್ಳಬೇಡಿ, ಅಲ್ಲೂ ಇದೇ ನಿಯಮ. ಪಾರ್ಕಿನ ಕಾವಲು ನೋಡುವ ರೇಂಜರ್‌ಗಳು ಓಡಾಡುತ್ತಿರುತ್ತಾರೆ.

ನನಗಂತೂ ಈ ನಿಯಮ ಸರಿ ಅನ್ನಿಸುತ್ತದೆ. ಮೇಲೆ ಬಿಸಿಲು ಸುಡುತ್ತಿರುತ್ತದೆ, ಕೆಳಗೆ ನೀರು ಮಾತ್ರ ಮಂಜಿನಷ್ಟು ತಣ್ಣಗೆ. ಸಿಯೆರಾ ಬೆಟ್ಟದ ಹಿಮ ಕರಗಿ, ಫೋಲ್ಸಮ್, ನಿಂಬಸ್ ಅಣೆಕಟ್ಟು ದಾಟಿ ಬರುವ ನೀರು ಅಲ್ವಾ? ದಿಢೀರ್ ಅಂತ ಬಿದ್ದರೆ ಉಸಿರೇ ಕಟ್ಟಿದಂತಾಗುತ್ತದೆ. ಎರಡು ಬಿಯರ್ ಒಳಗಿದ್ದರೆ ಕೈಕಾಲು ಹೇಳಿದ ಮಾತು ಕೇಳಲ್ಲ. ನೋಡಲು ಶಾಂತವಾಗಿದ್ದರೂ ಸೆಳೆತ ಜಾಸ್ತಿ.

ಲೈಫ್ ಜಾಕೆಟ್ ಎಲ್ಲರೂ ಹಾಕಿ. 13 ವರ್ಷದೊಳಗಿನ ಮಕ್ಕಳಿಗೆ ದೋಣಿಯಲ್ಲಿ ಅದು ಕಾನೂನು ಪ್ರಕಾರವೇ ಕಡ್ಡಾಯ. ಸುಮ್ನೆ ಕಾಲಡಿ ಹಾಕಿಕೊಂಡು ಕೂರಬೇಡಿ.

ಕೂಲರ್ ನಾನೇ ತರುತ್ತೇನೆ. ಮಜ್ಜಿಗೆ, ಪಾನಕ, ಕಲ್ಲಂಗಡಿ ಇರುತ್ತೆ. ಚಿತ್ರಾನ್ನ ಯಾರು ಮಾಡ್ತೀರಿ, ಇಲ್ಲೇ ಹೇಳಿ. ಬಿಯರ್ ಬೇಕಾದವರು ಸಂಜೆ ನಮ್ಮ ಮನೆಗೆ ಬನ್ನಿ, ಆದರೆ ವಾಪಸ್ ಡ್ರೈವ್ ಮಾಡುವವರಿಗೆ ಮಜ್ಜಿಗೆಯೇ ಗತಿ.