ಚಕಮಕಿ ಕೋವಿಗೆ ಎಂಥ ಸ್ಪ್ರಿಂಗ್ ವೈಸ್ ಬೇಕು?

ಮಾನ್ಯ ಸಂಪಾದಕರೇ,

ಕೊಡಗಿನಲ್ಲಿ ಆಯುಧಗಳನ್ನು ಪೂಜಿಸುವ ಕೈಲ್‌ಪೊಳ್ದ್ ಹಬ್ಬದ ಸಂದರ್ಭದಲ್ಲಿ ತಮ್ಮ ಪತ್ರಿಕೆಯಲ್ಲಿ ಪ್ರಕಟವಾದ, ಹಳೆಯ ಕೋವಿಗಳ ಸಂರಕ್ಷಣೆ ಕುರಿತ ಲೇಖನವನ್ನು ಆಸಕ್ತಿಯಿಂದ ಓದಿದೆ. ನಳಿಗೆಯ ತುಕ್ಕು ತೆಗೆಯುವುದು, ಮರಕ್ಕೆ ಎಣ್ಣೆ ಹಚ್ಚುವುದು ಮುಂತಾದವುಗಳ ಬಗ್ಗೆ ಲೇಖಕರು ಹೇಳಿರುವುದಕ್ಕೆ ನನ್ನ ತಕರಾರಿಲ್ಲ. ಆದರೆ ಚಕಮಕಿ ಕೋವಿಯ ಲಾಕ್, ಅಂದರೆ ಕಿಡಿ ಹಾರಿಸಿ ಮದ್ದು ಹೊತ್ತಿಸುವ ಯಂತ್ರಭಾಗವನ್ನು ಬಿಚ್ಚುವಾಗ ಒಳಗಿನ ಸ್ಪ್ರಿಂಗನ್ನು ಬಲವಾದ ಇಕ್ಕಳದಿಂದ ಅದುಮಿ ತೆಗೆಯಬಹುದು ಎಂಬ ಸಲಹೆಯನ್ನು ಯಾರಾದರೂ ಪಾಲಿಸಿದರೆ, ಎರಡು ತಲೆಮಾರು ಜೋಪಾನ ಮಾಡಿದ ಕೋವಿ ಒಂದೇ ಸಂಜೆಯಲ್ಲಿ ಕೆಟ್ಟುಹೋಗಬಹುದು. ಆ ಕೆಲಸಕ್ಕೆ ಬೇಕಾದದ್ದು ಸ್ಪ್ರಿಂಗ್ ವೈಸ್, ಅಂದರೆ ಸ್ಪ್ರಿಂಗನ್ನು ಎರಡು ದವಡೆಗಳ ನಡುವೆ ತಿರುಪಿನಿಂದ ಹಿಡಿದಿಡುವ ಪುಟ್ಟ ಸಾಧನ. ಆದ್ದರಿಂದ ಈ ಪತ್ರ.

ನಾನು ಕೊಡಗಿನವನಲ್ಲ, ಬೇಟೆಗಾರನೂ ಅಲ್ಲ. ಟೂಲ್‌ರೂಮಿನಲ್ಲಿ ದುಡಿದು ನಿವೃತ್ತನಾಗಿ ಅಮೆರಿಕದ ಪೆನ್ಸಿಲ್ವೇನಿಯಾ ರಾಜ್ಯದ ಲ್ಯಾಂಕಾಸ್ಟರ್ ಸಮೀಪ ನೆಲೆಸಿರುವವನು. ಜರ್ಮನ್ ಮೂಲದ ಕುಶಲಕರ್ಮಿಗಳು 18ನೇ ಶತಮಾನದಲ್ಲಿ ಉದ್ದ ನಳಿಗೆಯ ರೈಫಲ್ ರೂಪಿಸಿದ ಸೀಮೆ ಇದು. 1974ರಲ್ಲಿ ಈ ರಾಜ್ಯದಲ್ಲಿ ಚಕಮಕಿ ಕೋವಿಗೆಂದೇ ಪ್ರತ್ಯೇಕ ಜಿಂಕೆ ಬೇಟೆಯ ಋತು ಆರಂಭವಾಯಿತು. ಕ್ರಿಸ್‌ಮಸ್ ಕಳೆದ ಮೇಲೆ ಹಿಮದಲ್ಲಿ ಅಂಥ ಕೋವಿ ಹಿಡಿದು ಹೊರಡುವವರು ಇಂದಿಗೂ ಇದ್ದಾರೆ. ಕಪ್ಪು ಮದ್ದಿನ ಮಸಿ ಗಾಳಿಯ ತೇವವನ್ನು ಹೀರಿಕೊಂಡು ಉಕ್ಕನ್ನು ತಿನ್ನುವುದರಿಂದ ಇಲ್ಲಿನವರಿಗೆ ಲಾಕ್ ಬಿಚ್ಚಿ ತೊಳೆಯುವುದು ಆಗಾಗ ಮಾಡಲೇಬೇಕಾದ ಕೆಲಸ. ಗುರಿಹಲಗೆಗೆ ಮಾತ್ರ ಹೊಡೆಯುವ ನನ್ನಂಥವರಿಗೂ ಅದು ತಪ್ಪಿದ್ದಲ್ಲ.

ಚಕಮಕಿ ಲಾಕಿನಲ್ಲಿ ಮೂರು ಸ್ಪ್ರಿಂಗ್‌ಗಳಿರುತ್ತವೆ. ಒಳಗಡೆ, ಕಲ್ಲು ಕಚ್ಚಿದ ಕುದುರೆಯನ್ನು ಮುಂದಕ್ಕೆ ಬಡಿಸುವ ಮುಖ್ಯ ಸ್ಪ್ರಿಂಗ್ ಮತ್ತು ಕುದುರೆಯನ್ನು ಎಳೆದ ಸ್ಥಿತಿಯಲ್ಲಿ ನಿಲ್ಲಿಸುವ ಸಿಯರ್‌ನ ಪುಟ್ಟ ಸ್ಪ್ರಿಂಗ್. ಹೊರಗಡೆ, ಕಿಡಿ ಕೊಡುವ ಉಕ್ಕಿನ ಫಲಕವಾದ ಫ್ರಿಝನ್‌ನ ಸ್ಪ್ರಿಂಗ್. ಮೂರೂ ಸುರುಳಿಯವಲ್ಲ, ಚಪ್ಪಟೆ ಉಕ್ಕನ್ನು ಇಂಗ್ಲಿಷಿನ ವಿ ಅಕ್ಷರದಂತೆ ಮಡಿಸಿ, ಕಾಯಿಸಿ, ತಣಿಸಿ ಹದಕ್ಕೆ ತಂದವು. ಮುಖ್ಯ ಸ್ಪ್ರಿಂಗಿನ ಮೇಲಿನ ಎಲೆ, ಅಂದರೆ ವಿ ಆಕಾರದ ಮೇಲಿನ ತೋಳು, ಗಿಡ್ಡ; ಅದು ಲಾಕಿನ ಭಾಗಗಳನ್ನೆಲ್ಲ ಹೊತ್ತ ಪ್ಲೇಟಿಗೆ ಅಂಟಿಕೊಂಡು ಅಲುಗದೆ ನಿಲ್ಲುತ್ತದೆ. ಕೆಳಗಿನ ಉದ್ದನೆಯ ಎಲೆಯ ತುದಿ ಟಂಬ್ಲರ್ ಎಂಬ ತಿರುಗುವ ತುಂಡನ್ನು ಒತ್ತುತ್ತಿರುತ್ತದೆ. ಕುದುರೆಯನ್ನು ಪೂರ್ತಿ ಹಿಂದಕ್ಕೆ ಎಳೆದಾಗ ಎರಡು ಎಲೆಗಳೂ ಹತ್ತಿರ ಬರುತ್ತವೆ. ಹದ ಕೊಟ್ಟ ಕಮ್ಮಾರ ಆ ಉಕ್ಕಿನಿಂದ ನಿರೀಕ್ಷಿಸಿದ್ದು ಅಷ್ಟು ಬಾಗುವಿಕೆಯನ್ನೇ. ಅದಕ್ಕಿಂತ ತುಸು ಹೆಚ್ಚಾದರೆ ಅದು ತಡೆದೀತು, ಬಹಳ ಹೆಚ್ಚಾದರೆ ಅಥವಾ ಓರೆಯಾಗಿ ತಿರುಚಿದರೆ ಮಡಿಕೆಯ ಬಳಿ ಟಪ್ಪೆಂದು ಮುರಿಯುತ್ತದೆ.

ಹೀಗಾಗಿ ಸ್ಪ್ರಿಂಗ್ ವೈಸ್ ಆರಿಸುವವರು ಮೊದಲು ಗಮನಿಸಬೇಕಾದ ಸಂಗತಿಯೆಂದರೆ, ಸ್ಪ್ರಿಂಗನ್ನು ಅದುಮುವುದು ವೈಸಿನ ಕೆಲಸವೇ ಅಲ್ಲ. ಆ ಕೆಲಸವನ್ನು ಕುದುರೆಯೇ ಮಾಡಿಕೊಡುತ್ತದೆ. ಅಮೆರಿಕದ ಸೇನೆ 1861ರ ಮಾದರಿಯ ರೈಫಲ್ ಮಸ್ಕೆಟ್ಟಿನ ಸೈನಿಕರಿಗೆ ಕೊಟ್ಟ ಸೂಚನೆಗಳಲ್ಲಿ ಈ ಕ್ರಮ ಸ್ಪಷ್ಟವಾಗಿದೆ: ಕುದುರೆಯನ್ನು ಪೂರ್ತಿ ಎಳೆಯಬೇಕು, ಆ ಸ್ಥಿತಿಯಲ್ಲಿ ಮುಖ್ಯ ಸ್ಪ್ರಿಂಗಿಗೆ ವೈಸ್ ತೊಡಿಸಬೇಕು, ಸ್ಪ್ರಿಂಗ್ ತನ್ನ ಕೊಂಡಿಯಿಂದ ಬಿಡಿಸಿಕೊಳ್ಳುವಷ್ಟು ಮಾತ್ರ ವೈಸಿನ ಹೆಬ್ಬೆರಳ ತಿರುಪನ್ನು ತಿರುಗಿಸಬೇಕು. ಸಿಯರ್‌ನ ಸ್ಪ್ರಿಂಗಿಗಂತೂ ವೈಸಿನ ಹಂಗೇ ಇಲ್ಲ. ಆ ಸ್ಪ್ರಿಂಗನ್ನು ಹಿಡಿದಿರುವ ತಿರುಪನ್ನು ಪೂರ್ತಿ ಬಿಚ್ಚುವ ಮುನ್ನ ಸ್ಪ್ರಿಂಗಿನ ಮೊಣಕೈಗೆ, ಅಂದರೆ ಮಡಿಕೆಗೆ, ಸ್ಕ್ರೂಡ್ರೈವರಿನಿಂದ ಮೆಲ್ಲಗೆ ತಟ್ಟಿ ಅದರ ಮೊಳೆಯನ್ನು ಗುಂಡಿಯಿಂದ ಬಿಡಿಸಿದರೆ ಸಾಕು. ಮರುಜೋಡಿಸುವಾಗ ಎಲ್ಲಕ್ಕಿಂತ ಕೊನೆಗೆ ಸೇರುವುದು ವೈಸಿನ ಹಿಡಿತದಲ್ಲಿರುವ ಮುಖ್ಯ ಸ್ಪ್ರಿಂಗ್. ಆ ಮಸ್ಕೆಟ್ ಚಕಮಕಿಯದಲ್ಲ, ಕುದುರೆಯ ಏಟಿಗೆ ಸಿಡಿಯುವ ಪುಟ್ಟ ಲೋಹದ ಕೇಪಿನದು ಎಂದು ಯಾರಾದರೂ ಆಕ್ಷೇಪಿಸಬಹುದು. ಆದರೆ ಪ್ಲೇಟಿನ ಒಳಬದಿಯ ರಚನೆ ಎರಡರಲ್ಲೂ ಹೆಚ್ಚುಕಡಿಮೆ ಒಂದೇ. ಬದಲಾದದ್ದು ಹೊರಗಿನ ಕಿಡಿಯ ವ್ಯವಸ್ಥೆ.

ಇಷ್ಟನ್ನು ಒಪ್ಪಿದರೆ ಆಯ್ಕೆ ಸುಲಭವಾಗುತ್ತದೆ. ದಪ್ಪ ದವಡೆಯ ಭಾರಿ ವೈಸ್ ನೋಡಲು ಭರವಸೆ ಹುಟ್ಟಿಸಿದರೂ ಕೆಲಸಕ್ಕೆ ಬಾರದು, ಏಕೆಂದರೆ ಅನೇಕ ಲಾಕ್‌ಗಳಲ್ಲಿ ಮೇಲಿನ ಎಲೆಯು ಪ್ಲೇಟಿನ ದಪ್ಪ ಅಂಚಿನ ಕೆಳಗೇ ಅವಿತುಕೊಂಡಿರುತ್ತದೆ ಮತ್ತು ಅಲ್ಲಿ ತೂರಿಸಲು ಸಿಗುವ ಸಂದು ತೀರಾ ಕಿರಿದು. ದವಡೆಯ ತುಟಿ ತೆಳ್ಳಗಿರಬೇಕು, ಆದರೆ ಎಲೆಯ ಪೂರ್ತಿ ಅಗಲವನ್ನು ಆವರಿಸಬೇಕು. ಅರ್ಧ ಅಗಲವನ್ನಷ್ಟೇ ಹಿಡಿದರೆ ಬಿಗಿ ಮಾಡಿದಂತೆಲ್ಲ ಸ್ಪ್ರಿಂಗ್ ತಿರುಚಿಕೊಳ್ಳುತ್ತದೆ, ಜಾರಿ ಹಾರಿದರೆ ನೇರ ಕಣ್ಣಿಗೆ. ಕನ್ನಡಕವಿಲ್ಲದೆ ಈ ಕೆಲಸಕ್ಕೆ ಕೂರಲೇಬಾರದು. ದವಡೆಯ ಬಾಯಿ ಎಷ್ಟು ತೆರೆಯಬೇಕೆಂಬುದರಲ್ಲಿ ಬಹಳ ಜನ ಎಡವುತ್ತಾರೆ. ಅದುಮಿದ ಸ್ಪ್ರಿಂಗಿನ ಎತ್ತರಕ್ಕೆ ಸರಿಯಾದ ವೈಸ್ ತಂದರೆ ಅದನ್ನು ತೊಡಿಸಬಹುದು, ಆದರೆ ಹೊರತೆಗೆದ ಮೇಲೆ ಸ್ಪ್ರಿಂಗನ್ನು ನಿಧಾನವಾಗಿ ಸಡಿಲಬಿಡಲಾಗದು. ಒತ್ತಡವಿಲ್ಲದ ಸ್ಪ್ರಿಂಗ್ ಎಷ್ಟು ಅಗಲಿಸುತ್ತದೋ ಅದಕ್ಕಿಂತ ಬಾಯಿ ತುಸು ಹೆಚ್ಚೇ ತೆರೆಯಬೇಕು.

ತಿರುಪಿನ ಥ್ರೆಡ್ ಸಣ್ಣದಿದ್ದಷ್ಟೂ ಒಳ್ಳೆಯದು. ಸಾಮಾನ್ಯ ಎಂ6 (6 ಮಿಲಿಮೀಟರ್ ವ್ಯಾಸದ) ತಿರುಪು ಒಂದು ಸುತ್ತಿಗೆ 1 ಮಿಲಿಮೀಟರ್ ಸರಿಯುತ್ತದೆ, ಎಂ5 ಆದರೆ 0.8 ಮಿಲಿಮೀಟರ್. ಕಾಲು ಸುತ್ತು, ಅರ್ಧ ಸುತ್ತು ಎಂದು ಬೆರಳಿಗೆ ತಿಳಿಯುವಂತೆ ಬಿಗಿ ಮಾಡಲು ಇವು ಸಾಕಷ್ಟಾಯಿತು. ತಿರುಪಿಗೆ ಉದ್ದನೆಯ ಹಿಡಿ ಇರಲೇಬಾರದೆಂಬುದು ನನ್ನ ಖಚಿತ ಅಭಿಪ್ರಾಯ. ಬೆರಳಿನಿಂದ ತಿರುಗದಷ್ಟು ಬಿಗಿಯಾಯಿತೆಂದರೆ ಎಲ್ಲೋ ಕ್ರಮ ತಪ್ಪಿದೆ ಎಂದೇ ಅರ್ಥ. ಕೊಳ್ಳುವ ಮುನ್ನ ದವಡೆಯ ಅಂಚಿನ ಮೇಲೆ ಉಗುರು ಎಳೆದು ನೋಡಬೇಕು. ಎರಕದ ಅಗ್ಗದ ವೈಸ್‌ಗಳಲ್ಲಿ ಅಂಚು ಗರಗಸದ ಹಲ್ಲಿನಂತಿರುತ್ತದೆ. ಅದು ಎಲೆಯ ಮೇಲೆ ಅಡ್ಡಗೀರು ಹಾಕಿತೆಂದರೆ ಸ್ಪ್ರಿಂಗ್ ಮುಂದೊಂದು ದಿನ ಆ ಗೀರಿನಲ್ಲೇ ಬಿರುಕು ಬಿಡುತ್ತದೆ. ಸಣ್ಣ ಅರದಿಂದ ಅಂಚನ್ನು ದುಂಡಗೆ ಮಾಡಿ, ನಯವಾಗಿ ಉಜ್ಜಿಕೊಳ್ಳುವುದು ದೊಡ್ಡ ಕೆಲಸವೇನಲ್ಲ.

ಫ್ರಿಝನ್‌ನ ಸ್ಪ್ರಿಂಗ್ ಹೊರಗಿರುವುದರಿಂದ ಸುಲಭವೆಂದು ತೋರುತ್ತದೆಯಾದರೂ ಗಿಡ್ಡವೂ ಬಿರುಸೂ ಆಗಿರುವ ಅದರ ಸುತ್ತ ಮದ್ದಿನ ಬಟ್ಟಲು ಅಡ್ಡಬರುತ್ತದೆ, ಜೊತೆಗೆ ಪ್ಲೇಟಿನ ಕೆತ್ತನೆ ಗೀಚಿಹೋಗುವ ಭಯ. ವೈಸಿಗೂ ಪ್ಲೇಟಿಗೂ ನಡುವೆ ತೆಳು ತೊಗಲಿನ ಚೂರು ಇಟ್ಟುಕೊಳ್ಳಬೇಕು.

ವೈಸಿನ ಬದಲು ಲಾಕಿಂಗ್ ಪ್ಲೈಯರ್‌ನ (ಅದುಮಿದ ಸ್ಥಿತಿಯಲ್ಲೇ ಕಚ್ಚಿ ನಿಲ್ಲುವ ಇಕ್ಕಳದ) ದವಡೆ ಸವೆಸಿ ಬಳಸುವವರು ಇಲ್ಲಿಯೂ ಇದ್ದಾರೆ. ಪಳಗಿದ ಕೈಯಲ್ಲಿ ಅದು ನಡೆಯುತ್ತದೆ, ಹೊಸಬರಿಗೆ ಬೇಡ. ಒಮ್ಮೆ ಅದುಮಿದರೆ ಎಷ್ಟು ಅದುಮಿದೆವೆಂಬುದು ಕೈಗೆ ತಿಳಿಯುವುದಿಲ್ಲ. ಲೇಖನದ ಇಕ್ಕಳಕ್ಕೂ ಇದೇ ದೋಷ. ಒಂದೇ ಕೋವಿ ಇರುವವರಿಗೆ ಇನ್ನೂ ಸರಳ ಉಪಾಯವಿದೆ. ಕುದುರೆ ಪೂರ್ತಿ ಎಳೆದ ಸ್ಥಿತಿಯಲ್ಲಿ ಎಲೆಗಳೆರಡರ ಹೊರ ಅಂತರವನ್ನು ಅಳೆದು, ಅಷ್ಟೇ ಅಳತೆಗೆ ಉಕ್ಕಿನ ತಗಡಿನಲ್ಲಿ ಒಂದು ಕಚ್ಚನ್ನು ಕೊರೆದು ಸ್ಪ್ರಿಂಗಿನ ಮೇಲೆ ಸರಿಸಿದರೆ, ಕುದುರೆಯನ್ನು ಕೈಯಲ್ಲಿ ಹಿಡಿದು ಮೆಲ್ಲಗೆ ಇಳಿಸಿದಾಗ ಸ್ಪ್ರಿಂಗ್ ಆ ಕಚ್ಚಿನಲ್ಲೇ ನಿಲ್ಲುತ್ತದೆ. ಅದು ಬೇರೆ ಲಾಕಿಗೆ ಹೊಂದುವುದಿಲ್ಲವೆಂಬುದೊಂದೇ ಕೊರತೆ.

ನಮ್ಮ ನಾಡಿನ ಓದುಗರಿಗೆ ಮೂರು ಮಾತು ಸೇರಿಸಬೇಕಿದೆ. ಕೇಪಿನ ಕೋವಿಯ ಲಾಕನ್ನು ಮರದಿಂದ ಹೊರತೆಗೆದ ಮೇಲೆ ಕುದುರೆಯನ್ನು ಬಡಿಯಬಿಡಬಾರದು. ಎದುರಿಗೆ ತಡೆಯುವ ನಿಪ್ಪಲ್ (ಕೇಪು ಕೂರುವ ಮೊಳೆ) ಇಲ್ಲದ ಕಾರಣ ಏಟು ಒಳಗಿನ ಟಂಬ್ಲರ್‌ಗೂ ಅದನ್ನು ಹಿಡಿದಿರುವ ಬ್ರಿಡಲ್ ಎಂಬ ಪಟ್ಟಿಗೂ ಬೀಳುತ್ತದೆ. ಎರಡನೆಯದಾಗಿ, ಟಿಪ್ಪು ಕಾಲದ ಶ್ರೀರಂಗಪಟ್ಟಣದ ಚಕಮಕಿ ಕೋವಿಗಳಂಥ ಪುರಾತನ ವಸ್ತುಗಳಲ್ಲಿ ಕೈಯಿಂದ ಬಡಿದು ಮಾಡಿದ ಸ್ಪ್ರಿಂಗ್ ಮುರಿದರೆ ಅಂಗಡಿಯಲ್ಲಿ ಬದಲಿ ಸಿಗುವುದಿಲ್ಲ; ಅವುಗಳನ್ನು ಎಷ್ಟೇ ಒಳ್ಳೆಯ ವೈಸ್ ಇದ್ದರೂ ಬಿಚ್ಚದಿರುವುದೇ ಸರಿ. ಮೂರನೆಯದು ಕಾನೂನಿನದು. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಕೋವಿ ದುರಸ್ತಿಗೂ ಪರವಾನಗಿ ಬೇಕೆನ್ನುತ್ತದೆ. ಕೊಡವರಿಗೂ ಜಮ್ಮಾ (ಕೊಡಗಿನ ವಂಶಪಾರಂಪರ್ಯ ಭೂ) ಹಿಡುವಳಿದಾರರಿಗೂ ಇರುವ ವಿನಾಯಿತಿ ಕೋವಿ ಹೊಂದುವುದಕ್ಕೆ ಸಂಬಂಧಿಸಿದ್ದು. ಸ್ಪ್ರಿಂಗ್ ಬದಲಿಸುವ, ಸಿಯರ್ ತೀಡುವ ಕೆಲಸವನ್ನು ಪರವಾನಗಿ ಪಡೆದ ದುರಸ್ತಿಗಾರರಿಗೇ ಒಪ್ಪಿಸಬೇಕು, ಒಪ್ಪಿಸುವಾಗ ಅವರ ಬಳಿ ಸ್ಪ್ರಿಂಗ್ ವೈಸ್ ಇದೆಯೇ ಎಂದು ಕೇಳಿದರೆ ತಪ್ಪೇನಿಲ್ಲ.

ಲೇಖನದಲ್ಲಿ ಇಕ್ಕಳ ಬಳಸಲು ಹೇಳಿರುವ ಸಾಲಿಗೆ ತಿದ್ದುಪಡಿಯನ್ನು ಪ್ರಕಟಿಸಬೇಕೆಂದು, ಸಾಧ್ಯವಾದರೆ ಲಾಕಿನ ಒಳಬದಿಯ ಒಂದು ರೇಖಾಚಿತ್ರವನ್ನೂ ಜೊತೆಗೆ ಕೊಡಬೇಕೆಂದು ವಿನಂತಿಸುತ್ತೇನೆ.

ಇತಿ ತಮ್ಮ ವಿಶ್ವಾಸಿ,
ಓರ್ವ ಓದುಗ, ಲ್ಯಾಂಕಾಸ್ಟರ್, ಪೆನ್ಸಿಲ್ವೇನಿಯಾ