ಭಾನುವಾರದ ಓದು: ‘ದುರ್ಗಾಸ್ತಮಾನ’, ಈ ಸಲ ಕೋಟೆಯಲ್ಲೇ

ಎಲ್ರಿಗೂ ನಮಸ್ಕಾರ. ಈ ಭಾನುವಾರ ಬೆಳಿಗ್ಗೆ 7ಕ್ಕೆ ಚಿತ್ರದುರ್ಗ ಕೋಟೆ ಬಾಗಿಲ ಹತ್ರ ಸೇರೋಣ. ತರಾಸು ಅವರ ‘ದುರ್ಗಾಸ್ತಮಾನ’ ಕಾದಂಬರಿಯ ಕೊನೇ ಭಾಗ ಮುಗಿಸಬೇಕು. ಅರ್ಧ ಓದಿದೋರೂ ಬನ್ನಿ, ಯಾರೂ ಪರೀಕ್ಷೆ ಮಾಡಲ್ಲ.

ಒಂದೇ ವಿನಂತಿ. ಮದಕರಿನಾಯಕರ ಬಗ್ಗೆ ಕಳೆದ ಸಲ ಸಾಕಷ್ಟು ಮಾತಾಡಿದ್ವಿ. ಈ ಸಲ ಹೆಸರಿಲ್ಲದ ಜನರನ್ನ ಹುಡುಕಿ. ಮುತ್ತಿಗೆ ಬಿದ್ದಾಗ ಒಲೆ ಹಚ್ಚಿದೋರು, ಹೊಂಡದಿಂದ ನೀರು ಹೊತ್ತೋರು, ರಾತ್ರಿ ಪಾಳಿಯ ಕಾವಲಿನೋರು. ಕೋಟೆಯೊಳಗೆ ಸಿಡಿಮದ್ದು ಬೀಸುತ್ತಿದ್ದ ಆ ದೊಡ್ಡ ಕಲ್ಲುಗಳ ಪಕ್ಕ ಒಂದು ನಿಮಿಷ ನಿಂತು ನೋಡಿ. ಅದನ್ನ ತಿರುಗಿಸಿದ ಕೈ ಯಾರದ್ದು ಅಂತ ಯಾವ ಶಾಸನವೂ ಹೇಳಲ್ಲ. ಓಬವ್ವನ ಕಥೆಯಾದ್ರೂ ಶುರುವಾಗೋದು ಗಂಡ ಊಟಕ್ಕೆ ಕೂತಾಗ, ಆಕೆ ನೀರಿಗೆ ಹೋದಾಗ. ಕೈಗೆ ಸಿಕ್ಕಿದ್ದು ಒನಕೆ. 1779ರಲ್ಲಿ ಹೈದರಾಲಿಗೆ ಕೋಟೆ ಬಿದ್ದ ಮೇಲೆ ಸಾವಿರಾರು ಬೇಡರನ್ನ ಶ್ರೀರಂಗಪಟ್ಟಣಕ್ಕೆ ಸಾಗಿಸಿದ್ರು. ಆ ಮನೆಗಳಲ್ಲಿ ಒಲೆ ಮೇಲಿದ್ದ ಮಡಕೆ ಏನಾಯ್ತೋ ಅನ್ನೋದೇ ನನ್ನ ತಲೇಲಿ ಕೊರೀತಿದೆ.

ಟಿಕೆಟ್ ಅವರವರೇ ತಗೊಳ್ಳಿ. ನೀರು, ಟೋಪಿ ಮರೀಬೇಡಿ; ಹತ್ತು ಗಂಟೆ ಆದ್ರೆ ಬಂಡೆ ಕಾದ ಹಂಚು. ದಾವಣಗೆರೆಯೋರು ಮಂಡಕ್ಕಿ, ಮೆಣಸಿನಕಾಯಿ ತಂದ್ರೆ ಸಂತೋಷ, ಆದ್ರೆ ಚೀಲದ ಬಾಯಿ ಬಿಗಿಯಾಗಿ ಕಟ್ಟಿ. ಕೋತಿಗಳು ಹೈದರನ ಸೈನ್ಯಕ್ಕಿಂತ ಚುರುಕು.

ನನ್ನ ಪುಸ್ತಕ ಒಯ್ದೋರು ದಯವಿಟ್ಟು ವಾಪಸ್ ತನ್ನಿ. ರಟ್ಟು ಕಿತ್ತಿದ್ರೂ ಪರವಾಗಿಲ್ಲ. ಬರೋರು ಶುಕ್ರವಾರ ಸಂಜೆಯೊಳಗೆ ಇಲ್ಲೇ ತಿಳಿಸಿ.